ಮೋಟಾರು ಎಂಜಿನ್ನನ್ನು ಮರುಕಟ್ಟುವಾಗ ಪಿಸ್ಟನ್ನುಗಳನ್ನು ಆರಿಸುವ ಕ್ರಮ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ನಮ್ಮ ಇಲಾಖೆಯವರು ಊರಿಗೆ ಹೋದಾಗ ಯಜಮಾನರೂ ಹಿಡುವಳಿದಾರರೂ ಬಿತ್ತನೆಯ ಬೀಜ, ಗೊಬ್ಬರ, ಕೀಟಬಾಧೆ ಮುಂತಾದುವನ್ನು ಕುರಿತು ವಿಚಾರಿಸುವುದು ವಾಡಿಕೆ. ಈಚೆಗೆ ಈ ಪ್ರಶ್ನೆಗಳ ಜೊತೆಗೆ ಇನ್ನೊಂದು ಸೇರಿಕೊಂಡಿದೆ. "ಎಂಜಿನ್ನು ಹೊಗೆ ಬಿಡುತ್ತಿದೆ, ಎಣ್ಣೆ ಕುಡಿಯುತ್ತಿದೆ. ಪಿಸ್ಟನ್ ಹಾಕಿಸಬೇಕು ಎನ್ನುತ್ತಾರೆ. ಯಾವುದನ್ನು ಹಾಕಿಸಿದರೆ ಒಳ್ಳೆಯದು?" ಕಾರು, ಜೀಪು, ಟ್ರಾಕ್ಟರು, ನೀರೆತ್ತುವ ಎಂಜಿನ್ನು ಇವುಗಳಲ್ಲಿ ಒಂದಾದರೂ ಇಲ್ಲದ ದೊಡ್ಡ ಹಿಡುವಳಿ ಇಂದು ಅಪೂರ್ವ. ಆದುದರಿಂದ ಈ ಪ್ರಶ್ನೆಯು ವ್ಯವಸಾಯಕ್ಕೆ ಹೊರಗಿನದೆಂದು ತಳ್ಳಿಹಾಕತಕ್ಕದ್ದಲ್ಲ. ಅದಕ್ಕೆ ನಾನು ಕೊಡುವ ಉತ್ತರ ಕೇಳಿದವರಿಗೆ ಮೊದಲು ಸಮಾಧಾನವಾಗುವುದಿಲ್ಲ. ಯಾವ ಹೆಸರಿನ ಪಿಸ್ಟನ್ನು ಎಂಬುದು ಎರಡನೆಯ ಮಾತು. ಸಿಲಿಂಡರಿನ ಅಳತೆ ಏನು, ಪಿಸ್ಟನ್ನು ಕೈಗೆ ಬಂದದ್ದು ಸಿಲಿಂಡರನ್ನು ಕೊರೆಯುವುದಕ್ಕೆ ಮೊದಲೋ ಆಮೇಲೋ ಎಂಬುದೇ ಮೊದಲನೆಯ ಮಾತು. ಈ ಕ್ರಮವು ತಪ್ಪಿದರೆ ಏನಾಗುವುದೆಂಬುದನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿಯಿಂದ ತಿಳಿಸುತ್ತೇನೆ.

ಆನೇಕಲ್ ತಾಲ್ಲೂಕಿನ ಹಿಡುವಳಿದಾರರೊಬ್ಬರಲ್ಲಿ ಹಳೆಯ ಅಂಬಾಸಿಡರ್ ಕಾರೊಂದು ಉಂಟು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಕುಟುಂಬ ಅದು. ಗೂಡುಗಳನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವುದಕ್ಕೂ, ಮನೆಯ ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಆ ಕಾರೇ ಗತಿ. ಅದು ಎಣ್ಣೆ ಕುಡಿಯಲಾರಂಭಿಸಿದಾಗ ಹತ್ತಿರದ ಪೇಟೆಯ ಕಾರ್ಖಾನೆಯೊಂದರಲ್ಲಿ ಎಂಜಿನ್ ಬಿಚ್ಚಿಸಿದರು. ಅಲ್ಲಿಯವರು ಸಿಲಿಂಡರುಗಳನ್ನು "ಇಪ್ಪತ್ತು ಸೈಜಿ"ಗೆ, ಅಂದರೆ ಅಂಗುಲದ ಸಾವಿರದಲ್ಲಿ ಇಪ್ಪತ್ತು ಭಾಗದಷ್ಟು ಅಗಲವಾಗಿ, ಮೊದಲು ಕೊರೆಯಿಸಿಬಿಟ್ಟರು. ಅನಂತರ ಪಿಸ್ಟನ್ನು ತರಲು ಹೋದರೆ ರೂಢಿಯ ತಯಾರಕರ ಇಪ್ಪತ್ತು ಸೈಜು ಆ ದಿನ ದೊರೆಯಲಿಲ್ಲ. ಅಂಗಡಿಯವನು ಬೇರೊಂದು ತಯಾರಿಕೆಯ ಇಪ್ಪತ್ತು ಸೈಜು ಕೊಟ್ಟನು. ಸೈಜು ಒಂದೇ ತಾನೆ ಎಂದುಕೊಂಡು ಅದನ್ನೇ ಜೋಡಿಸಿದರು. ಎಂಜಿನ್ನು ಮೂರು ದಿನ ಚೆನ್ನಾಗಿಯೇ ಓಡಿತು. ನಾಲ್ಕನೆಯ ದಿನ ಗೂಡಿನ ಚೀಲಗಳನ್ನು ತುಂಬಿಕೊಂಡು ಜಿಗಣಿಯ ಮಾರ್ಗವಾಗಿ ರಾಮನಗರಕ್ಕೆ ಹೊರಟಾಗ ಹಾರೋಹಳ್ಳಿಯ ಸಮೀಪದ ಏರಿನಲ್ಲಿ ಎಂಜಿನ್ನು ಕಾದು, ಪಿಸ್ಟನ್ನುಗಳು ಸಿಲಿಂಡರನ್ನು ಕಚ್ಚಿಕೊಂಡು ನಿಂತುಹೋಯಿತು. ಮುಚ್ಚಿದ ಚೀಲದಲ್ಲಿ ಜೀವವಿರುವ ಗೂಡು ಬೆವರುತ್ತದೆ, ಕಲೆಯಾಗುತ್ತದೆ. ತಡಮಾಡಿದರೆ ಚಿಟ್ಟೆ ಹೊರಬಿದ್ದು ನೂಲು ತೆಗೆಯುವುದಕ್ಕೇ ಬಾರದಂತಾಗುತ್ತದೆ. ಮರುದಿನ ಬಾಡಿಗೆಯ ಬಂಡಿಯಲ್ಲಿ ಸಾಗಿಸಿದ ಆ ಗೂಡಿಗೆ ಬಂದ ಬೆಲೆಯನ್ನು ಇಲ್ಲಿ ಬರೆಯುವುದು ಬೇಡ. ಒಂದು ಬೆಳೆಯ ದುಡಿಮೆಯೆಲ್ಲ ಹೋಯಿತೆಂದರೆ ಸಾಕು.

ಬಿಚ್ಚಿದ ಎಂಜಿನ್ನನ್ನು ಬೆಂಗಳೂರಿನ ಸುದ್ದಗುಂಟೆಪಾಳ್ಯಕ್ಕೆ ತಂದಾಗ ನಾನೂ ಜೊತೆಯಲ್ಲಿದ್ದೆನು. ಬನ್ನೇರುಘಟ್ಟ ರಸ್ತೆ, ಡೈರಿ ವೃತ್ತ, ಆಡುಗೋಡಿ ಇವು ನಮ್ಮ ಬೇಸಾಯಗಾರರಿಗೆ ಹೊಸ ಕಡೆಯಲ್ಲ. ೧೯೨೩ರಲ್ಲಿ ಆರಂಭವಾದ ಪಶುಪಾಲನೆ ಮತ್ತು ಹೈನುಗಾರಿಕೆಯ ಸಂಸ್ಥೆಯೂ, ಮೈಕೊ ಎಂದು ಹೆಸರಾದ, ೧೯೫೧ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಕಾರ್ಖಾನೆಯೂ ಆಡುಗೋಡಿಯಲ್ಲಿಯೇ ನೆಲೆಸಿದುವು. ದನಕ್ಕಾಗಿ ಆ ಕಡೆಗೆ ಬರುತ್ತಿದ್ದವರ ಮಕ್ಕಳು ಯಂತ್ರಕ್ಕಾಗಿ ಬರುತ್ತಿರುವುದು ಕಾಲದ ಬದಲಾವಣೆ. ನಾವು ಹೋದದ್ದು ಓಣಿಯೊಳಗಿನ ಒಂದು ಸಣ್ಣ ಕಾರ್ಖಾನೆಗೆ. ಅಲ್ಲಿನ ವೃದ್ಧ ಮೇಸ್ತ್ರಿಯು ಸಿಲಿಂಡರನ್ನಾಗಲಿ ಒಡೆದ ರಿಂಗುಗಳನ್ನಾಗಲಿ ಮೊದಲು ನೋಡಲಿಲ್ಲ. "ಪಿಸ್ಟನ್ ಬಂದ ಪೆಟ್ಟಿಗೆ ಎಲ್ಲಿ ಸ್ವಾಮಿ?" ಎಂದು ಕೇಳಿದನು. ಅದೃಷ್ಟವಶಾತ್ ಪೆಟ್ಟಿಗೆ ಕಾರಿನ ಹಿಂಬದಿಯಲ್ಲಿಯೇ ಬಿದ್ದಿತ್ತು. ಅದರೊಳಗಿನ ಚೀಟಿಯಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ೦.೦೫ ಮಿಲಿಮೀಟರ್ ಸಂದು ಇರತಕ್ಕದ್ದೆಂದು ಅಚ್ಚಾಗಿತ್ತು. ಕಚ್ಚಿಕೊಳ್ಳದೆ ಉಳಿದಿದ್ದ ನಾಲ್ಕನೆಯ ಪಿಸ್ಟನ್ನನ್ನೂ ಅದರ ಸಿಲಿಂಡರನ್ನೂ ಅಳೆದಾಗ ದೊರೆತ ಸಂದು ೦.೦೨ ಮಿಲಿಮೀಟರು. ಕೊರತೆಯು ೦.೦೩ ಮಿಲಿಮೀಟರು, ತಲೆಗೂದಲಿನ ದಪ್ಪದಲ್ಲಿ ಅರ್ಧದಷ್ಟೂ ಇಲ್ಲ. "ಗೌಡರೇ, ಪಾದ ಅಳೆಯದೆ ಜೋಡು ಹೊಲಿಸಿದ್ದೀರಿ" ಎಂದನು ಮೇಸ್ತ್ರಿ. ಗೌಡರು ಮಾತನಾಡಲಿಲ್ಲ.

ಇಷ್ಟು ಅಲ್ಪವಾದ ಅಂತರವು ಎಂಜಿನ್ನನ್ನು ಕೊಲ್ಲುವುದು ಹೇಗೆಂದು ಸಂದೇಹ ಬರಬಹುದು. ಪಿಸ್ಟನ್ನು ಅಲ್ಯುಮಿನಿಯಮ್ ಮಿಶ್ರಲೋಹದ್ದು; ಸಿಲಿಂಡರು ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಕಾಯಿಸಿದಾಗ ಎರಡೂ ಹಿಗ್ಗುತ್ತವೆ, ಆದರೆ ಸಮನಾಗಿ ಹಿಗ್ಗುವುದಿಲ್ಲ. ಅಂಬಾಸಿಡರಿನ ಹಳೆಯ ೧೪೮೯ ಸಿ.ಸಿ. ಎಂಜಿನ್ನಿನ ಸಿಲಿಂಡರಿಗೆ ಹೊಸದರಲ್ಲಿ ೭೩.೦೨೫ ಮಿಲಿಮೀಟರ್ ಒಳವ್ಯಾಸ. ಈ ಗಾತ್ರದ ಅಲ್ಯುಮಿನಿಯಮ್ ಪಿಸ್ಟನ್ನು ನೂರು ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾದರೆ ಸುಮಾರು ೦.೧೫ ಮಿಲಿಮೀಟರ್ ದಪ್ಪವಾಗುತ್ತದೆ. ಕಬ್ಬಿಣದ ಸಿಲಿಂಡರು ಅಷ್ಟೇ ಕಾದರೂ ಸುಮಾರು ೦.೦೮ ಮಿಲಿಮೀಟರ್ ಮಾತ್ರ ಅಗಲವಾಗುತ್ತದೆ. ಸಾಲದುದಕ್ಕೆ ಸಿಲಿಂಡರಿನ ಹೊರಗೆ ನೀರು ಹರಿದು ತಣಿಸುತ್ತಿರುವುದರಿಂದ ಅದು ಪಿಸ್ಟನ್ನಿನಷ್ಟು ಕಾಯುವುದೂ ಇಲ್ಲ. ಈ ವ್ಯತ್ಯಾಸವನ್ನು ನುಂಗಿಕೊಳ್ಳುವುದಕ್ಕೋಸ್ಕರವೇ ತಯಾರಕರು ಪಿಸ್ಟನ್ನನ್ನು ಪೂರಾ ದುಂಡಗೆ ಮಾಡುವುದಿಲ್ಲ. ಅದು ತಣ್ಣಗಿರುವಾಗ ತುಸು ಅಂಡಾಕಾರವಾಗಿರುತ್ತದೆ. ತಲೆಯು ಹೆಚ್ಚು ಕಾಯುವುದರಿಂದ ಮೇಲ್ಭಾಗವನ್ನು ಕಿರಿದಾಗಿಯೂ ಕೆಳಮೈಯನ್ನು ಹಿರಿದಾಗಿಯೂ ಕಡೆದಿರುತ್ತಾರೆ. ಆದಕಾರಣ ಪಿಸ್ಟನ್ನಿನ ಅಳತೆಯನ್ನು ತಲೆಯ ಬಳಿ ತೆಗೆದರೆ ಅದು ಅಳತೆಯೇ ಅಲ್ಲ. ಮೇಸ್ತ್ರಿಗಳು ಸ್ಕರ್ಟ್ ಎಂದು ಕರೆಯುವ ಕೆಳಮೈಯಲ್ಲಿ, ಪಿಸ್ಟನ್ ಪಿನ್ನಿನ ತೂತಿಗೆ ಅಡ್ಡಲಾದ ದಿಕ್ಕಿನಲ್ಲಿ, ತಯಾರಕರು ಹೇಳಿದ ಎತ್ತರದಲ್ಲಿ ಮೈಕ್ರೋಮೀಟರ್ ಹಿಡಿಯತಕ್ಕದ್ದು.

ಲೋಹದ ಬೆರಕೆಯೂ ಒಂದೇ ಸಮನಾಗಿರುವುದಿಲ್ಲ. ಅಲ್ಯುಮಿನಿಯಮಿಗೆ ಸಿಲಿಕಾನ್ ಎಂಬ ಮೂಲವಸ್ತುವನ್ನು ಬೆರೆಸಿದಷ್ಟೂ ಹಿಗ್ಗುವಿಕೆ ಕಡಿಮೆಯಾಗುತ್ತದೆ. ಸಾಧಾರಣವಾಗಿ ವಾಹನಗಳ ಎರಕದ ಪಿಸ್ಟನ್ನುಗಳಲ್ಲಿ ನೂರಕ್ಕೆ ಸುಮಾರು ೧೨ರಷ್ಟು ಸಿಲಿಕಾನ್ ಇರುತ್ತದೆ. ಪಂದ್ಯದ ಕಾರುಗಳಿಗಾಗಿ ಬಡಿದು ರೂಪಿಸಿದ ಪಿಸ್ಟನ್ನುಗಳೂ ಉಂಟು. ಇವುಗಳಲ್ಲಿ ಸಿಲಿಕಾನ್ ಬಹು ಕಡಿಮೆಯಾದ ಬಗೆಯವು ಹೆಚ್ಚು ಬಲವುಳ್ಳವುಗಳಾದರೂ ಹೆಚ್ಚು ಹಿಗ್ಗುತ್ತವೆ. ಅವಕ್ಕೆ ಸಂದು ಹೆಚ್ಚು ಬೇಕು. ಬೆಳಗಿನ ಚಳಿಯಲ್ಲಿ ಎಂಜಿನ್ನು ಹಚ್ಚಿದಾಗ ಸಿಲಿಂಡರಿಗೆ ತಟ್ಟಿ ಸದ್ದು ಮಾಡುತ್ತವೆ. ಪಟ್ಟಣದಲ್ಲಿ ಓದಿ ಬಂದ ಮಕ್ಕಳು ಇಂತಹವನ್ನೇ ಹಾಕಿಸೋಣವೆಂದು ಹಟ ಹಿಡಿಯುವುದನ್ನು ಕೇಳಿದ್ದೇನೆ. ಗೂಡು, ತರಕಾರಿ, ಹುಲ್ಲು ಹೊರುವ ಕಾರಿಗೆ ಇದರಿಂದ ಖರ್ಚಲ್ಲದೆ ಬೇರೆ ಲಾಭವಿಲ್ಲ. ಎರಕದ ಪಿಸ್ಟನ್ನೇ ಅದಕ್ಕೆ ಯೋಗ್ಯವಾದುದು.

ಇನ್ನು ಸೈಜನ್ನು ನಿಶ್ಚಯಿಸುವ ಕ್ರಮ. ಎಂಜಿನ್ನು ಸವೆಯುವುದು ಎಲ್ಲ ಕಡೆಯಲ್ಲಿಯೂ ಒಂದೇ ಸಮನಾಗಿ ಅಲ್ಲ. ಮೇಲಿನ ರಿಂಗು ತಿರುಗಿ ಕೆಳಕ್ಕೆ ಹೊರಡುವ ಸ್ಥಳದಲ್ಲಿ ಶಾಖ ಹೆಚ್ಚು, ಎಣ್ಣೆ ಕಡಿಮೆ. ಅಲ್ಲಿಯೇ ಸವಕಳಿ ಹೆಚ್ಚು. ಅದಕ್ಕೂ ಮೇಲೆ ರಿಂಗು ಮುಟ್ಟದ ಭಾಗ ಸವೆಯದೆ ಅಂಚಿನಂತೆ ಉಳಿದುಕೊಳ್ಳುತ್ತದೆ. ತಲೆಯನ್ನು ಬಿಚ್ಚಿದ ಕೂಡಲೇ ಉಗುರಿನಿಂದ ಮುಟ್ಟಿ ನೋಡಿದರೆ ಈ ಅಂಚು ಯಾರಿಗಾದರೂ ತಿಳಿಯುತ್ತದೆ. ಕ್ರಾಂಕಿಗೆ ಅಡ್ಡಲಾದ ದಿಕ್ಕಿನಲ್ಲಿ ಪಿಸ್ಟನ್ನು ಪಕ್ಕಕ್ಕೆ ಒತ್ತುವುದರಿಂದ ಸಿಲಿಂಡರು ಅಂಡಾಕಾರವೂ ಆಗುತ್ತದೆ. ಆದುದರಿಂದ ಪ್ರತಿಯೊಂದು ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲಿಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ, ಡಯಲು ಇರುವ ಬೋರ್ ಗೇಜಿನಿಂದ ಅಳೆಯಬೇಕು. ನಾಲ್ಕು ಸಿಲಿಂಡರಿಗೆ ಇಪ್ಪತ್ತನಾಲ್ಕು ಅಂಕಿಗಳು. ಇವನ್ನು ಕಾಗದದಲ್ಲಿ ಬರೆದು ಕೊಡೆಂದು ಕೇಳುವ ಹಕ್ಕು ಹಣ ಕೊಡುವವರಿಗೆ ಉಂಟು. ಬೆರಳಿನಿಂದ ಸವರಿ "ಇಪ್ಪತ್ತು ಬೇಕು" ಎನ್ನುವವನಿಗೆ ನಿಮ್ಮ ಎಂಜಿನ್ನನ್ನು ಒಪ್ಪಿಸಬೇಡಿರಿ.

ಸವಕಳಿಯು ಅಲ್ಪವಾಗಿದ್ದರೆ ಮೇಲಿನ ಅಂಚನ್ನು ತೆಗೆದು, ಒಳಮೈಯ ಹೊಳಪನ್ನು ಮುರಿದು, ಹೊಸ ರಿಂಗುಗಳನ್ನು ಮಾತ್ರ ಹಾಕಿ ಕೆಲವು ಕಾಲ ನಡೆಸಬಹುದು. ಅಂಚನ್ನು ತೆಗೆಯದೆ ಹೊಸ ರಿಂಗು ಹಾಕಿದರೆ ಅದರ ಚೂಪಾದ ಮೂಲೆ ಅಂಚಿಗೆ ಬಡಿದು ಮುರಿಯುತ್ತದೆ. ಈ ಗಾತ್ರದ ಸಿಲಿಂಡರುಗಳಲ್ಲಿ ಸವಕಳಿಯು ೦.೧೫ ಅಥವಾ ೦.೨ ಮಿಲಿಮೀಟರನ್ನು ದಾಟಿದ್ದರೆ ಕೊರೆಯಿಸುವುದೇ ಲೇಸು. ತಯಾರಕರ ಪುಸ್ತಕದಲ್ಲಿ ಬೇರೆ ಮಿತಿ ಇದ್ದರೆ ಅದೇ ಪ್ರಮಾಣ. ಪಿಸ್ಟನ್ನುಗಳು ೦.೨೫, ೦.೫೦, ೦.೭೫, ೧.೦೦ ಮಿಲಿಮೀಟರ್ ಹೆಚ್ಚಳದವಾಗಿಯೂ, ಅಂಗುಲದ ಲೆಕ್ಕದ ಎಂಜಿನ್ನುಗಳಿಗೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದೂ ದೊರೆಯುತ್ತವೆ. ಸವಕಳಿ ೦.೨೨ ಎಂದು ಕಂಡಿತೆನ್ನಿ. ೦.೨೫ರ ಪಿಸ್ಟನ್ನು ಸಾಕೆಂದು ತೋರುತ್ತದೆ, ಸಾಲದು. ಸವಕಳಿ ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಕೊರೆದ ಮೇಲೆಯೂ ಆ ಮಗ್ಗುಲಿನಲ್ಲಿ ಹಳೆಯ ಗುಳಿ ಉಳಿಯುತ್ತದೆ. ಕೊನೆಯ ಉಜ್ಜುವಿಕೆಗೂ ಸ್ವಲ್ಪ ಲೋಹ ಉಳಿದಿರಬೇಕು. ಆಗ ೦.೫೦ಕ್ಕೆ ಹೋಗುವುದೇ ಸರಿ. ಹಾಗೆಂದು ಒಮ್ಮೆಲೇ ೧.೦೦ಕ್ಕೆ ಹಾರುವುದು ದುಂದುಗಾರಿಕೆ. ಸಿಲಿಂಡರಿನಿಂದ ತೆಗೆದ ಲೋಹವನ್ನು ಮರಳಿ ಹಾಕಲಾಗುವುದಿಲ್ಲ. ಪ್ರತಿಯೊಂದು ಸೈಜೂ ಎಂಜಿನ್ನಿನ ಒಂದೊಂದು ಆಯುಷ್ಯ. ಅತಿ ಹೆಚ್ಚು ಸವೆದ ಸಿಲಿಂಡರಿಗೆ ಯಾವ ಸೈಜು ಸಾಕಾಗುವುದೋ ಅದನ್ನೇ ನಾಲ್ಕಕ್ಕೂ ಇಟ್ಟುಕೊಳ್ಳತಕ್ಕದ್ದು. ಕೊನೆಯ ಸೈಜೂ ಮುಗಿದಿದ್ದರೆ ಒಳಗೆ ಕಬ್ಬಿಣದ ಹೊಸ ಕೊಳವೆ, ಅಂದರೆ ಸ್ಲೀವ್, ಕೂರಿಸಿ ಮೊದಲಿನ ಅಳತೆಗೆ ತರಬಹುದು. ಹಲವು ಟ್ರಾಕ್ಟರುಗಳಲ್ಲಿ ಸಿಲಿಂಡರೇ ಬೇರೆಯಾಗಿ ಬಿಚ್ಚಿ ಬರುವ ಲೈನರ್ ಆಗಿರುತ್ತದೆ; ನೀರು ನೇರವಾಗಿ ತಾಗುವ ಬಗೆಯ ಲೈನರುಗಳಲ್ಲಿ ಕೊರೆಯುವ ಗೊಡವೆಗೆ ಹೋಗದೆ ಪಿಸ್ಟನ್ನು, ರಿಂಗು, ಲೈನರು ಕೂಡಿದ ಸೆಟ್ಟನ್ನೇ ಬದಲಾಯಿಸುವುದು ರೂಢಿ.

ಸೈಜು ನಿಶ್ಚಯವಾದ ಮೇಲೆ ಮುಖ್ಯ ಸೂತ್ರ ಬರುತ್ತದೆ. ಪಿಸ್ಟನ್ನುಗಳನ್ನು ಮೊದಲು ಕೊಂಡು ತರಬೇಕು. ಅವನ್ನು ಕೊರೆಯುವವನ ಮೇಜಿನ ಮೇಲೆ ಇಟ್ಟು, ಒಂದೊಂದನ್ನೂ ಅಳೆಯಿಸಿ, ಆ ಅಳತೆಗೆ ಪೆಟ್ಟಿಗೆಯ ಚೀಟಿಯಲ್ಲಿ ಹೇಳಿದ ಸಂದನ್ನು ಕೂಡಿಸಿ, ಬಂದ ಮೊತ್ತಕ್ಕೆ ಆಯಾ ಸಿಲಿಂಡರನ್ನು ಕೊರೆಯಿಸಬೇಕು. ಒಂದನೆಯ ಪಿಸ್ಟನ್ನಿಗೆ ಒಂದನೆಯ ಸಿಲಿಂಡರು ಎಂದು ಅಂಕೆ ಹಾಕಿಸಬೇಕು. ಪೆಟ್ಟಿಗೆಯ ಮೇಲಿನ "ಇಪ್ಪತ್ತು" ಎಂಬುದು ಹೆಸರೇ ಹೊರತು ಅಳತೆಯಲ್ಲ. ಕೆಲವು ತಯಾರಕರು ಸಂದನ್ನು ಕಳೆದು ಪಿಸ್ಟನ್ನನ್ನು ಕಿರಿದಾಗಿಯೇ ಕಡೆಯುತ್ತಾರೆ. ಆಗ ಸಿಲಿಂಡರನ್ನು ಮೂಲ ಅಳತೆ ಮತ್ತು ಇಪ್ಪತ್ತಕ್ಕೆ, ಅಂದರೆ ಮೇಲೆ ಹೇಳಿದ ಕಾರಿನಲ್ಲಿ ೭೩.೫೩೩ ಮಿಲಿಮೀಟರಿಗೆ, ಕೊರೆದರೆ ಸರಿಹೋಗುತ್ತದೆ. ಇನ್ನು ಕೆಲವರದರಲ್ಲಿ ಹಾಗಿರುವುದಿಲ್ಲ. ಅಂಗುಲದ ಇಪ್ಪತ್ತೂ ಮಿಲಿಮೀಟರಿನ ೦.೫೦ವೂ ಒಂದೇ ಎಂದು ಹೇಳುವ ಅಂಗಡಿಗಳೂ ಉಂಟು. ಅಂಗುಲದ ಇಪ್ಪತ್ತು ಎಂದರೆ ೦.೫೦೮. ಈ ೦.೦೦೮ ನಗಣ್ಯವೆಂದು ತೋರಿದರೂ ಇರತಕ್ಕ ಸಂದೇ ೦.೦೫ ಆಗಿರುವಾಗ ಅದು ಆರರಲ್ಲಿ ಒಂದು ಪಾಲು. ನಮ್ಮ ಗೌಡರ ಎಂಜಿನ್ನಿನಲ್ಲಿ ನಡೆದದ್ದು ಈ ಬಗೆಯ ಹೆಸರಿನ ಮೋಸವೇ. ಕೊರೆದವನದೂ ತಪ್ಪಿಲ್ಲ, ಪಿಸ್ಟನ್ನೂ ಕೆಟ್ಟದ್ದಲ್ಲ. ಒಂದಕ್ಕೊಂದು ಭೇಟಿಯೇ ಆಗಿರಲಿಲ್ಲ.

ಅಳತೆ ಹೊಂದಿದರೂ ಪಿಸ್ಟನ್ನು ಆ ಎಂಜಿನ್ನಿನದೇ ಎಂದು ಖಚಿತವಾಗುವುದಿಲ್ಲ. ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಿಡರನ್ನೇ ನೋಡಿ. ಅದರ ೧೪೮೯ ಸಿ.ಸಿ. ಪೆಟ್ರೋಲ್ ಎಂಜಿನ್ನಿಗೂ ಅದೇ ಗಾತ್ರದ ಡೀಸಲ್ ಎಂಜಿನ್ನಿಗೂ ಒಳವ್ಯಾಸ ಒಂದೇ. ಆದರೆ ಡೀಸಲಿನಲ್ಲಿ ಗಾಳಿಯನ್ನು ಬಹಳ ಹೆಚ್ಚಾಗಿ ಒತ್ತಬೇಕಾಗಿರುವುದರಿಂದ ಪಿಸ್ಟನ್ನಿನ ತಲೆಯ ಆಕಾರವೂ ಗಟ್ಟಿತನವೂ ಬೇರೆ. ಮುಂದೆ ಬಂದ ಇಸುಜು ಎಂಜಿನ್ನು ಇವೆರಡಕ್ಕೂ ಸಂಬಂಧಿಸಿದುದಲ್ಲ. ಆದುದರಿಂದ ಅಂಗಡಿಗೆ ಹೋಗುವಾಗ ಕಾರಿನ ಹೆಸರನ್ನು ಮಾತ್ರ ಹೇಳದೆ ಎಂಜಿನ್ನಿನ ಮೈಮೇಲಿನ ಸಂಖ್ಯೆಯನ್ನು ಬರೆದುಕೊಂಡು, ಹಳೆಯ ಪಿಸ್ಟನ್ನೊಂದನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಹಳೆಯದರ ತಲೆಯ ಮೇಲೆ ಹಿಂದಿನ ಸೈಜು ಒತ್ತಿರುವುದುಂಟು. ಮಸಿ ಕೆರೆದರೆ ಕಾಣಿಸುತ್ತದೆ. ಹೊಸದರ ಪಕ್ಕದಲ್ಲಿ ಹಳೆಯದನ್ನು ನಿಲ್ಲಿಸಿ ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರವನ್ನು ಹೋಲಿಸಬೇಕು. ಈ ಎತ್ತರ ಹೆಚ್ಚಾದರೆ ಪಿಸ್ಟನ್ನು ಮೇಲಕ್ಕೆ ಹೋಗಿ ವಾಲ್ವಿಗೆ ತಾಗಬಹುದು. ಕಡಿಮೆಯಾದರೆ ಒತ್ತಡ ಸಾಲದೆ ಎಂಜಿನ್ನು ಬಲಹೀನವಾಗುತ್ತದೆ. ತಲೆಯು ಚಪ್ಪಟೆಯೋ ತಗ್ಗಿದೆಯೋ, ಪಿನ್ನಿನ ದಪ್ಪವೆಷ್ಟು, ರಿಂಗಿನ ಗಾಡಿಗಳು ಎಷ್ಟು ಅಗಲ ಎಂಬಿವೂ ಹೊಂದಬೇಕು. ಡೀಸಲ್ ಪಿಸ್ಟನ್ನಿನಲ್ಲಿ ಮೇಲಿನ ರಿಂಗಿನ ಗಾಡಿಗೆ ನಿಕ್ಕಲ್ ಬೆರೆತ ಕಬ್ಬಿಣದ ಬಳೆಯನ್ನು ಎರಕದಲ್ಲಿಯೇ ಕೂರಿಸಿರುವ ಬಗೆಯುಂಟು. ಹಳೆಯದರಲ್ಲಿ ಅದಿದ್ದು ಹೊಸದರಲ್ಲಿ ಇಲ್ಲವಾದರೆ ಹೊಸದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಸಾಲು ಅಂಗಡಿಗಳಲ್ಲಿ ಬಹುತೇಕ ಎಲ್ಲವೂ ದೊರೆಯುತ್ತದೆ, ಹೆಸರಾಂತ ಪೆಟ್ಟಿಗೆಯನ್ನು ಅನುಕರಿಸಿದ ನಕಲಿಯೂ ದೊರೆಯಬಹುದು. ಬಿಲ್ಲು ಕೊಡಲು ಹಿಂಜರಿಯುವ ಕಡೆ ಕೊಳ್ಳದಿರುವುದು ಕ್ಷೇಮ.

ತೂಕದ ವಿಷಯವನ್ನು ಬಹಳ ಜನರು ಗಮನಿಸುವುದಿಲ್ಲ. ನಾಲ್ಕು ಪಿಸ್ಟನ್ನುಗಳ ತೂಕ ಕೆಲವೇ ಗ್ರಾಂಗಳ ಒಳಗೆ ಹೊಂದಿರಬೇಕು. ಇಲ್ಲವಾದರೆ ಎಂಜಿನ್ನು ನಡುಗುತ್ತದೆ, ಬೇರಿಂಗುಗಳು ಬೇಗ ಸವೆಯುತ್ತವೆ. ಒಂದೇ ಸೆಟ್ಟಾಗಿ ಬಂದ ಪಿಸ್ಟನ್ನುಗಳು ಸಾಮಾನ್ಯವಾಗಿ ಹೊಂದಿರುತ್ತವೆ. ಬಿಡಿಬಿಡಿಯಾಗಿ ಕೂಡಿಸಿದ್ದಾದರೆ ಊರಿನ ಅಕ್ಕಸಾಲಿಗನ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಬಹುದು. ನಾನು ಹಾಗೆ ತೂಗಿಸಿದಾಗ ಅಕ್ಕಸಾಲಿಗನು ಇಷ್ಟು ಭಾರದ ಒಡವೆ ಯಾರಿಗೆಂದು ಕೇಳಿದನು.

ರಿಂಗುಗಳನ್ನು ಪಿಸ್ಟನ್ನಿಗೆ ಹಾಕುವ ಮೊದಲು ಒಂದೊಂದನ್ನೂ ಅದರ ಸಿಲಿಂಡರಿನೊಳಕ್ಕೆ ನೆಟ್ಟಗೆ ತಳ್ಳಿ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ೭೩ ಮಿಲಿಮೀಟರಿನ ಸಿಲಿಂಡರಿಗೆ ಸುಮಾರು ೦.೨೫ರಿಂದ ೦.೩ ಮಿಲಿಮೀಟರ್ ಇರಬೇಕು. ಬಾಯಿ ಮುಚ್ಚಿಕೊಂಡಂತಿದ್ದರೆ ಕಾದಾಗ ತುದಿಗಳು ಒಂದಕ್ಕೊಂದು ಒತ್ತಿ ರಿಂಗು ಮುರಿಯುತ್ತದೆ. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ತಯಾರಕರು ಹೇಳಿದ ಕಡೆಗೆ, ಸಾಮಾನ್ಯವಾಗಿ ಎಂಜಿನ್ನಿನ ಮುಂಭಾಗಕ್ಕೆ, ಇರತಕ್ಕದ್ದು. ಕೊರೆದು ಉಜ್ಜಿದ ಸಿಲಿಂಡರಿನೊಳಗೆ ಕಲ್ಲಿನ ಪುಡಿ ಅಂಟಿಕೊಂಡಿರುತ್ತದೆ. ಅದು ಸೀಮೆಎಣ್ಣೆಯಿಂದಾಗಲಿ ಪೆಟ್ರೋಲಿನಿಂದಾಗಲಿ ಪೂರ್ಣವಾಗಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷು ಇವುಗಳಿಂದಲೇ ತೊಳೆದು, ಬಿಳಿಯ ಬಟ್ಟೆಯಿಂದ ಒರೆಸಿದರೆ ಬಟ್ಟೆಯಲ್ಲಿ ಬೂದುಬಣ್ಣ ಕಾಣದಿರುವವರೆಗೆ ತೊಳೆದು, ಕೂಡಲೇ ಎಣ್ಣೆ ಸವರಬೇಕು. ಪಿಸ್ಟನ್ನು ಎಷ್ಟೇ ಒಳ್ಳೆಯದಾದರೂ ಈ ಪುಡಿಯ ಮುಂದೆ ಉಳಿಯದು.

ಪುಡಿ ಎಂದಾಗ ನಮ್ಮ ಮಣ್ಣಿನ ಮಾತು ಬರುತ್ತದೆ. ಆನೇಕಲ್ಲು, ಕನಕಪುರ, ಮಾಗಡಿ ಕಡೆಯ ಕೆಂಪುನೆಲದ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ; ಇವು ಎರಕದ ಕಬ್ಬಿಣಕ್ಕಿಂತ ಗಡುಸು. ಗಾಳಿ ಸೋಸುವ ಫಿಲ್ಟರು ಹರಿದಿದ್ದರೆ, ಅಥವಾ ಅದರ ರಬ್ಬರು ಕೊಳವೆ ಬಿರಿದಿದ್ದರೆ, ಪ್ರತಿ ಉಸಿರಿನಲ್ಲಿಯೂ ಎಂಜಿನ್ನು ಈ ಹರಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ರಸ್ತೆಯಲ್ಲಿ ಹರಡಿದ ರಾಗಿಯ ತೆನೆಯ ಮೇಲೆ ವಾಹನವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಒಕ್ಕುವ ದಿನಗಳಲ್ಲಿ ಫಿಲ್ಟರನ್ನು ದಿನವೂ ನೋಡಬೇಕು. ಎಣ್ಣೆಯ ಬಟ್ಟಲಿರುವ ಹಳೆಯ ಬಗೆಯದಾದರೆ ಎಣ್ಣೆಯನ್ನೂ ಬದಲಾಯಿಸಬೇಕು. ಹೊಸ ಪಿಸ್ಟನ್ನು ಹಾಕಿಸಿ ಹಳೆಯ ಫಿಲ್ಟರನ್ನು ಉಳಿಸಿಕೊಳ್ಳುವ ಮಿತವ್ಯಯವನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ.

ಗೌಡರ ಎಂಜಿನ್ನಿಗೆ ಮರಳಿ ಬರುತ್ತೇನೆ. ಕಚ್ಚಿಕೊಂಡಾಗ ಬಿದ್ದ ಗೀರುಗಳು ಮೂವತ್ತು ಸೈಜಿನಲ್ಲಿ ಹೋಗದಷ್ಟು ಆಳವಾಗಿದ್ದುವು. ಹೀಗಾಗಿ ಮೂವತ್ತು ಎಂಬ ಒಂದು ಆಯುಷ್ಯ ವ್ಯರ್ಥವಾಗಿ ಹೋಗಿ ನಲವತ್ತಕ್ಕೆ ಹೋಗಬೇಕಾಯಿತು. ಈ ಬಾರಿ ಪಿಸ್ಟನ್ನುಗಳು ಮೊದಲು ಬಂದುವು. ಮೇಸ್ತ್ರಿಯು ನಾಲ್ಕನ್ನೂ ನಮ್ಮ ಮುಂದೆಯೇ ಅಳೆದು, ಅಂಕಿಗಳನ್ನು ಸಿಲಿಂಡರುಗಳ ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದು, ಅನಂತರವೇ ಕೊರೆಯುವ ಯಂತ್ರವನ್ನು ಹಚ್ಚಿದನು. ಮೊದಲಿನ ಐನೂರು ಮೈಲಿ ಹೆಚ್ಚು ಭಾರ ಹೊರಿಸದೆ, ಒಂದೇ ವೇಗದಲ್ಲಿ ದೀರ್ಘಕಾಲ ಓಡಿಸದೆ, ಆಮೇಲೆ ಎಣ್ಣೆಯನ್ನೂ ಎಣ್ಣೆಯ ಫಿಲ್ಟರನ್ನೂ ಬದಲಾಯಿಸಬೇಕೆಂದು ಗೌಡರ ಮಗನಿಗೆ ಎರಡು ಸಲ ಹೇಳಿದನು. ಅಳತೆಯ ಕಾಗದವನ್ನು ಗೌಡರು ಮಡಿಚಿ ಕಾರಿನ ಕಾಗದಪತ್ರಗಳ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಎಂಜಿನ್ನಿನ ಸಂಖ್ಯೆ, ಪಿಸ್ಟನ್ನಿನ ತಯಾರಕರ ಹೆಸರು, ಸೈಜು, ನಾಲ್ಕು ಪಿಸ್ಟನ್ನುಗಳ ಮತ್ತು ನಾಲ್ಕು ಸಿಲಿಂಡರುಗಳ ಅಳತೆ, ಕೊರೆದ ತಾರೀಖು ಇಷ್ಟೂ ಇವೆ. ಮುಂದಿನ ಬೆಳೆಯ ಗೂಡು ಆ ಕಾರಿನಲ್ಲಿಯೇ ರಾಮನಗರಕ್ಕೆ ಹೋಯಿತು; ಹಾರೋಹಳ್ಳಿಯ ಏರಿನಲ್ಲಿ ಮಾತ್ರ ಗೌಡರು ಕಾರನ್ನು ನಿಲ್ಲಿಸಿ, ಮುಚ್ಚಳ ತೆಗೆದು, ನೀರಿನ ಶಾಖವನ್ನು ಕೈಯಿಂದ ನೋಡಿ ಮುಂದಕ್ಕೆ ಹೊರಟರಂತೆ.